ಘಾಟ್ ಇಳಿಯುವಾಗಲೇ ಶುರು: ಬೆಳಗಾವಿ ಕಡೆಯವರಿಗೆ ಮೊದಲ ಸ್ಕೂಬಾದ ಸಮಗ್ರ ಮಾರ್ಗದರ್ಶಿ

ಪ್ರತಿ ಸಲ ಇದೇ ಕತೆ. ಶುಕ್ರವಾರ ರಾತ್ರಿ ಬೆಳಗಾವಿಯಿಂದ ಗಾಡಿ ಹೊರಡುತ್ತದೆ. ಶನಿವಾರ ಬೆಳಿಗ್ಗೆ ಮಾಲ್ವಣದಲ್ಲೋ ಗೋವಾದಲ್ಲೋ ಸ್ಕೂಬಾಕ್ಕೆ, ಅಂದರೆ ಬೆನ್ನಿಗೆ ಗಾಳಿಯ ಟ್ಯಾಂಕ್ ಕಟ್ಟಿಕೊಂಡು ಕಡಲೊಳಗೆ ಇಳಿಯಲು, ದೋಣಿ ಹತ್ತುತ್ತಾರೆ, ಮೈಗೆ ಅಂಟುವ ವೆಟ್‌ಸೂಟ್ ಹಾಕಿಕೊಂಡು ಹತ್ತು ಫೋಟೊ ತೆಗೆಸಿಕೊಳ್ಳುತ್ತಾರೆ, ನೀರಿಗೆ ಇಳಿದ ಎರಡನೇ ನಿಮಿಷಕ್ಕೆ ಕಿವಿ ಹಿಡಿದುಕೊಂಡು ಮೇಲೆ ಬರುತ್ತಾರೆ. ದುಡ್ಡು ವಾಪಸ್ ಬರಲ್ಲ. ಮೀನೂ ಕಾಣಲ್ಲ.

ನಾನೂ ಎರಡು ಸಲ ಹೀಗೇ ಬಂದವನು. ಮೂರನೇ ಸಲ ಇಳಿದೆ. ಅವತ್ತಿನಿಂದ ವಿಜಯಪುರದ ಮಾವನ ಮಗನಿಂದ ಹಿಡಿದು ಆಫೀಸಿನವರವರೆಗೆ ಹೋಗುವವರೆಲ್ಲ ನನಗೆ ಫೋನ್ ಮಾಡುತ್ತಾರೆ, ಹೋಗಿ ಬಂದ ಮೇಲೆ ಅವರೇ ಮತ್ತೆ ಫೋನ್ ಮಾಡಿ ಆಗಲಿಲ್ಲ ಅನ್ನುತ್ತಾರೆ. ಕೇಳುತ್ತಾ ಹೋದರೆ ಎಲ್ಲರೂ ಬೀಳುವುದು ಮೂರೇ ಕಡೆ: ಕಿವಿ, ಮೂಗು, ಉಸಿರು. ನಾಲ್ಕನೆಯದು ಇನ್ನೊಂದಿದೆ. ಅದನ್ನು ತಪ್ಪು ಮಾಡಿದವರಿಗೆ ಮಾಡಿದ್ದೇ ಗೊತ್ತಿರುವುದಿಲ್ಲ. ಸಂಜೆಗೇ ಘಾಟ್ ಹತ್ತಿ ಮನೆಗೆ ಬರುವುದು.

ಇಲ್ಲಿ ಹೇಳುತ್ತಿರುವುದು ಕೋರ್ಸ್ ಮಾಡದೆ, ಇನ್‌ಸ್ಟ್ರಕ್ಟರ್ ಜೊತೆ ಮೊದಲ ಸಲ ಇಳಿಯುವವರಿಗೆ. ಇಂಥ ಡೈವ್‌ಗೆ ಕನಿಷ್ಠ ವಯಸ್ಸು 10, ಮಿತಿ 12 ಮೀಟರ್. ಅದಕ್ಕಿಂತ ಕೆಳಗೆ ಕರೆದುಕೊಂಡು ಹೋಗುತ್ತೇವೆ ಅಂತ ಯಾರಾದರೂ ಪ್ರೀತಿಯಿಂದ ಹೇಳಿದರೂ ಬೇಡ ಅನ್ನಿ.

## ಬೇಕಾಗುವ ಸಾಮಾನು

ಟ್ಯಾಂಕ್, ಅದರ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್, ವೆಟ್‌ಸೂಟ್, ಕಾಲಿಗೆ ಹಾಕುವ ಫಿನ್ ಎಲ್ಲ ಅವರೇ ಕೊಡುತ್ತಾರೆ. ನೀವು ತರಬೇಕಾದದ್ದು ಒಂದು ಸ್ನಾರ್ಕೆಲ್ (ಬಾಯಿಂದ ಉಸಿರಾಡುವ ಕೊಳವೆ, ಅಭ್ಯಾಸಕ್ಕೆ, ಕಡಿಮೆ ಬೆಲೆಯದಾದರೂ ಸಾಕು), ಕಣ್ಣು ಮೂಗು ಎರಡನ್ನೂ ಮುಚ್ಚಿ ಮುಖಕ್ಕೆ ಸರಿಯಾಗಿ ಕೂರುವ ಒಂದು ಗಾಜಿನ ಮಾಸ್ಕ್, ಟವೆಲ್, ಕುಡಿಯುವ ನೀರು, ಒಂದು ಪೆನ್ನು, ಒಂದು ಚೀಟಿ. ಚೀಟಿ ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಮಾಸ್ಕ್ ಕೊಳ್ಳುವಾಗ ಪಟ್ಟಿ ಹಾಕಬೇಡಿ. ಸುಮ್ನೆ ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಗಾಳಿ ಎಳೆದು ಕೈ ಬಿಡಿ. ಬೀಳದೆ ಅಂಟಿಕೊಂಡಿದ್ದರೆ ಅದು ನಿಮ್ಮದು. ಕನ್ನಡಕದವರು ನಂಬರ್ ಗಾಜಿನ ಮಾಸ್ಕ್ ಇದೆಯಾ ಅಂತ ಮೊದಲೇ ವಿಚಾರಿಸಿ. ಮಾಸ್ಕಿನೊಳಗೆ ಕನ್ನಡಕ ಹಾಕಿಕೊಳ್ಳಲು ಆಗಲ್ಲ.

ಒಂದು ಮಾತು ಗಂಡಸರಿಗೆ. ನಮ್ಮ ಕಡೆಯ ಹುರಿ ಮೀಸೆ ಮಾಸ್ಕಿಗೆ ವೈರಿ. ಮೀಸೆ ಇರುವ ಕಡೆ ರಬ್ಬರ್ ಸರಿಯಾಗಿ ಕೂರದೆ ನೀರು ಒಳಗೆ ಬರುತ್ತದೆ. ಪೂರ್ತಿ ಬೋಳಿಸಿ ಅಂತ ನಾನು ಹೇಳಲ್ಲ. ಮೂಗಿನ ಕೆಳಗೆ ಸಣ್ಣದೊಂದು ಗೆರೆಯಷ್ಟು ಕತ್ತರಿಸಿದರೂ ಸಾಕು, ಎರಡು ದಿನದಲ್ಲಿ ಬರುತ್ತದೆ.

## ಹಂತ 1: ವಾಪಸ್ ಬರುವ ದಿನ ಮೊದಲು ಗೊತ್ತು ಮಾಡಿ

ಎಲ್ಲರೂ ಹೋಗುವ ದಿನ ಲೆಕ್ಕ ಹಾಕುತ್ತಾರೆ. ನೀವು ಬರುವ ದಿನದಿಂದ ಶುರು ಮಾಡಿ. ಡೈವ್ ಆದ ರಾತ್ರಿ ಕಡಲ ತೀರದಲ್ಲೇ ಉಳಿಯಬೇಕು. ಇದಕ್ಕೆ ಒಪ್ಪದ ಗುಂಪಿನ ಜೊತೆ ಹೋಗಬೇಡಿ. ಕಾರಣ ಹಂತ 8ರಲ್ಲಿದೆ.

ಜಾಗ ಮೂರು. ಅಂಬೋಲಿ ಘಾಟ್ ಇಳಿದು ಸಾವಂತವಾಡಿ, ಕುಡಾಳ ಮೇಲೆ ಮಾಲ್ವಣ ಮತ್ತು ತಾರಕರ್ಲಿ. ಜಾಂಬೋಟಿ, ಕಣಕುಂಬಿ, ಚೋರ್ಲಾ ಮೇಲೆ ಗೋವಾ, ಅಲ್ಲಿಂದ ದೋಣಿಯಲ್ಲಿ ಗ್ರಾಂಡೆ ದ್ವೀಪ. ಮೂರನೆಯದು ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಕಡಲೊಳಗಿರುವ ನೇತ್ರಾಣಿ ದ್ವೀಪ. ಬಾಗಲಕೋಟೆ, ವಿಜಯಪುರದವರು ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್, ಅಂಕೋಲಾ ಮೇಲೆ ಅಲ್ಲಿಗೆ ಹೋಗಬಹುದು.

ನನ್ನ ಅಭಿಪ್ರಾಯ ಕೇಳಿದರೆ ನೀರಿನ ತಿಳಿಗೆ ನೇತ್ರಾಣಿ, ಹತ್ತಿರಕ್ಕೆ ಮಾಲ್ವಣ, ಹಡಗಿನ ಅವಶೇಷ ನೋಡಲೇಬೇಕು ಅನ್ನುವವರಿಗೆ ಗ್ರಾಂಡೆ. ನೇತ್ರಾಣಿಗೆ ದೋಣಿ ಪ್ರಯಾಣ ದೊಡ್ಡದು, ಹೊಟ್ಟೆ ತೊಳಸುವವರು ಯೋಚಿಸಿ. ಮಳೆಗಾಲದಲ್ಲಿ ಎಲ್ಲ ಬಂದ್. ಅಕ್ಟೋಬರ್‌ನಿಂದ ಮೇವರೆಗೆ ಮಾತ್ರ. ಅಕ್ಟೋಬರ್ ಮೊದಲ ವಾರದಲ್ಲಿ ನೀರು ಇನ್ನೂ ಕದಡಿರುತ್ತದೆ, ಅವಸರ ಬೇಡ.

ಬುಕ್ ಮಾಡುವ ಮುಂಚೆ ಫೋನಿನಲ್ಲೇ ನಾಲ್ಕು ಪ್ರಶ್ನೆ ಕೇಳಿ. ಒಬ್ಬ ಇನ್‌ಸ್ಟ್ರಕ್ಟರ್‌ಗೆ ನೀರಿನೊಳಗೆ ಎಷ್ಟು ಜನ? ಅವರ ಸರ್ಟಿಫಿಕೇಟ್ ಯಾವ ಡೈವಿಂಗ್ ಸಂಸ್ಥೆಯದು, ಪ್ಯಾಡಿಯೋ ಎಸ್‌ಎಸ್‌ಐಯೋ ಇನ್ನೊಂದೋ? ದೋಣಿಯಲ್ಲಿ ಆಕ್ಸಿಜನ್ ಇದೆಯಾ? ಏನಾದರೂ ಆದರೆ ಹತ್ತಿರದ ರಿಕಂಪ್ರೆಶನ್ ಚೇಂಬರ್ (ಹಂತ 8ರ ತೊಂದರೆಗೆ ಒತ್ತಡದಲ್ಲಿಟ್ಟು ಚಿಕಿತ್ಸೆ ಕೊಡುವ ಕೋಣೆ) ಎಲ್ಲಿದೆ? ನಾಲ್ಕನೆಯ ಪ್ರಶ್ನೆಗೆ ಅತ್ತ ಕಡೆಯವರು ನಕ್ಕರೆ ಫೋನ್ ಇಟ್ಟುಬಿಡಿ. ನಾನು ಮೊದಲ ಸಲ ಹೋದ ಕಡೆ ಒಬ್ಬ ಹುಡುಗ ಮೂವರನ್ನು ಒಟ್ಟಿಗೆ ಇಳಿಸುತ್ತಿದ್ದ. ನನ್ನ ಕಿವಿ ನೋಯುತ್ತಿದ್ದಾಗ ಅವನು ಇನ್ನೊಬ್ಬನ ಫೋಟೊ ತೆಗೆಯುತ್ತಿದ್ದ.

## ಹಂತ 2: ಡಾಕ್ಟರ್ ಹತ್ತಿರ, ಒಂದು ವಾರ ಮುಂಚೆ

ಡೈವ್ ದಿನ ಒಂದು ಆರೋಗ್ಯದ ಫಾರ್ಮ್ ಕೊಡುತ್ತಾರೆ. ಮರಳಿನ ಮೇಲೆ ನಿಂತು ಎಲ್ಲದಕ್ಕೂ ‘ಇಲ್ಲ’ ಅಂತ ಟಿಕ್ ಹಾಕಿ ಕೊಡುವುದು ನಮ್ಮ ಅಭ್ಯಾಸ. ಆ ಫಾರ್ಮ್ ಅನ್ನು ಮೊದಲೇ ತರಿಸಿಕೊಂಡು ಮನೆಯಲ್ಲಿ ಓದಿ. ಅಸ್ತಮಾ, ಹೃದಯದ ತೊಂದರೆ, ಮೂರ್ಛೆ, ಹಿಂದೆ ಆದ ಕಿವಿ ಅಥವಾ ಶ್ವಾಸಕೋಶದ ಆಪರೇಶನ್ ಇದ್ದವರು ಡಾಕ್ಟರ್ ಒಪ್ಪಿಗೆ ಇಲ್ಲದೆ ಇಳಿಯಲೇಬಾರದು. ಗರ್ಭಿಣಿಯರು ಇಳಿಯುವಂತಿಲ್ಲ.

ಕಿವಿಯಲ್ಲಿ ಗುಗ್ಗೆ ಜಾಸ್ತಿ ಇದ್ದವರು ಇಎನ್‌ಟಿ ಡಾಕ್ಟರ್ ಹತ್ತಿರ ತೆಗೆಸಿ. ಇಯರ್‌ಬಡ್ ಹಾಕಿ ನೀವೇ ಕೆದಕಬೇಡಿ, ಅದು ಇನ್ನೂ ಒಳಗೆ ಹೋಗಿ ಕೂರುತ್ತದೆ.

ಇನ್ನು ನೆಗಡಿ. ಡೈವಿಂಗ್ ಸೀಸನ್ ಮತ್ತು ಬೆಳಗಾವಿಯ ಚಳಿ ಎರಡೂ ಡಿಸೆಂಬರ್‌ನಲ್ಲೇ ಬರುತ್ತವೆ. ಮೂಗು ಕಟ್ಟಿದ್ದರೆ ಟ್ರಿಪ್ ಮುಂದಕ್ಕೆ ಹಾಕಿ, ಅಷ್ಟೆ. ನಾನು ಎರಡನೇ ಸಲ ಸೋತದ್ದು ಇಲ್ಲೇ. ಮೂಗಿಗೆ ಡ್ರಾಪ್ಸ್ ಹಾಕಿಕೊಂಡು ಹೋದೆ, ಜಾಣತನ ಅಂದುಕೊಂಡಿದ್ದೆ. ನೀವು ನೀರಿನೊಳಗೆ ಇರುವಾಗಲೇ ಔಷಧದ ಬಲ ಕಡಿಮೆಯಾದರೆ, ಕೆಳಗೆ ಹೋಗುವಾಗ ಬಿಟ್ಟ ಕಿವಿ ಮೇಲೆ ಬರುವಾಗ ಕಟ್ಟಿಕೊಳ್ಳುತ್ತದೆ. ಒಳಗಿನ ಗಾಳಿ ಹಿಗ್ಗುತ್ತಾ ಇರುತ್ತದೆ, ಹೊರಗೆ ಹೋಗಲು ದಾರಿ ಇರಲ್ಲ. ಇಳಿಯುವಾಗಿನ ನೋವಿಗೆ ಮೇಲೆ ಬಂದರೆ ಆಯ್ತು. ಮೇಲೆ ಬರುವಾಗಿನ ನೋವಿಗೆ ಎಲ್ಲಿಗೆ ಹೋಗುವುದು?

## ಹಂತ 3: ಬೋಗುಣಿಯಲ್ಲಿ ಮೂಗು

ಇದು ಕೇಳಲು ತಮಾಷೆ ಅನ್ನಿಸುತ್ತದೆ, ನಮ್ಮ ಅವ್ವ ಇವತ್ತಿಗೂ ನಗುತ್ತಾಳೆ. ಆದರೆ ನನ್ನ ಮೂರನೇ ಸಲ ಗೆಲ್ಲಿಸಿದ್ದು ಇದೇ.

ದೊಡ್ಡ ಬೋಗುಣಿಯಲ್ಲಿ ನೀರು ತುಂಬಿ, ಊಟದ ಟೇಬಲ್ ಮೇಲೆ ಇಡಿ. ಸ್ನಾರ್ಕೆಲ್ ಬಾಯಿಗೆ ಹಾಕಿಕೊಳ್ಳಿ. ಮಾಸ್ಕ್ ಬೇಡ. ಮುಖವನ್ನು ಮೂಗು ಮುಳುಗುವವರೆಗೆ ನೀರಿನಲ್ಲಿ ಇಟ್ಟು ಬಾಯಿಂದ ಮಾತ್ರ ಉಸಿರಾಡಿ. ಮೂಗು ಕೈಯಿಂದ ಹಿಡಿಯಬಾರದು. ಮೊದಲ ದಿನ ಎರಡನೇ ಉಸಿರಿಗೇ ಮೂಗಿನಲ್ಲಿ ನೀರು ಏರಿ ಕೆಮ್ಮು ಬರುತ್ತದೆ. ಯಾಕೆಂದರೆ ಮೂಗು ಬಿಟ್ಟಿದ್ದಾಗ ಅಲ್ಲಿಂದಲೇ ಎಳೆಯುವುದು ನಮಗೆ ಹುಟ್ಟಿನಿಂದ ಬಂದದ್ದು. ದಿನಕ್ಕೆ ಐದು ನಿಮಿಷ ಮಾಡಿ, ಮನೆಯಲ್ಲಿ ಯಾರಾದರೂ ಪಕ್ಕದಲ್ಲಿರಲಿ. ನಾಲ್ಕೈದು ದಿನಕ್ಕೆ ಬಾಯಿ ಬೇರೆ, ಮೂಗು ಬೇರೆ ಅನ್ನುವುದು ಮೈಗೆ ಗೊತ್ತಾಗುತ್ತದೆ. ಹತ್ತು ನಿಮಿಷ ಕೆಮ್ಮದೆ ಇರಲು ಆದರೆ ನೀವು ತಯಾರು.

ಕಡಲಿನಲ್ಲಿ ಗಾಬರಿ ಶುರುವಾಗುವುದು ಬಹಳ ಸಲ ಇಲ್ಲಿಂದಲೇ. ಮಾಸ್ಕಿನೊಳಗೆ ಒಂದು ಚಮಚ ನೀರು ಬರುತ್ತದೆ, ಮೂಗು ಅದನ್ನು ಎಳೆಯುತ್ತದೆ, ಮನುಷ್ಯ ಮೇಲಕ್ಕೆ ಚಿಮ್ಮುತ್ತಾನೆ. ಬೋಗುಣಿ ಅಭ್ಯಾಸ ಆದವನಿಗೆ ಆ ಒಂದು ಚಮಚ ನೀರು ಬರೀ ಕಿರಿಕಿರಿ, ಅಷ್ಟೇ.

ಆಮೇಲೆ ಈಜುಕೊಳದಲ್ಲಿ, ಎದೆಮಟ್ಟದ ನೀರಿನಲ್ಲಿ ಮಾಸ್ಕ್ ಖಾಲಿ ಮಾಡುವುದನ್ನು ಕಲಿಯಿರಿ. ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿಯಿರಿ. ಮುಖ ಸ್ವಲ್ಪ ಮೇಲೆತ್ತಿ ಮೂಗಿನಿಂದ ನಿಧಾನವಾಗಿ ಊದಿ. ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಒಂದೇ ಸಲ ಜೋರಾಗಿ ಊದುವವರಿಗೆ ಗಾಳಿ ಪಕ್ಕದಿಂದ ಹೋಗಿ ನೀರು ಅಲ್ಲೇ ಉಳಿಯುತ್ತದೆ.

## ಹಂತ 4: ಬಾವಿಯಲ್ಲಿ ಕಲಿತದ್ದನ್ನು ಬದಿಗಿಡಿ

ನಾನು ಈಜು ಕಲಿತದ್ದು ಬಾಗಲಕೋಟೆ ಕಡೆಯ ನಮ್ಮ ಹೊಲದ ಬಾವಿಯಲ್ಲಿ. ಬೆನ್ನಿಗೆ ಖಾಲಿ ಕ್ಯಾನು ಕಟ್ಟಿ ಕಾಕಾ ಮೇಲಿಂದ ನೂಕುತ್ತಿದ್ದರು. ‘ಉಸಿರು ಗಟ್ಟಿ ಹಿಡಿಯೋ ತಮ್ಮಾ, ಬಿಡಬ್ಯಾಡ’ ಅನ್ನುತ್ತಿದ್ದರು. ತಳ ಮುಟ್ಟಿ ಮಣ್ಣು ತಂದವನೇ ಗಂಡು. ಹಾಗೆ ಬೆಳೆದವರಿಗೆ ಸ್ಕೂಬಾ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಉಲ್ಟಾ. ಒಳ್ಳೆಯ ಬಾವಿ ಈಜುಗಾರರೇ ಇಲ್ಲಿ ಜಾಸ್ತಿ ಅಪಾಯದಲ್ಲಿರುವವರು.

ಯಾಕೆ ಅಂತ ನೋಡಿ. ಬಾವಿಗೆ ಧುಮುಕುವಾಗ ಎದೆಯಲ್ಲಿ ಇರುವುದು ದಂಡೆಯ ಗಾಳಿ. ಕೆಳಗೆ ಹೋದಂತೆ ಅದು ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸ್ಕೂಬಾದಲ್ಲಿ ಹಾಗಲ್ಲ. 10 ಮೀಟರ್ ಆಳದಲ್ಲಿ ನೀರಿನ ಒತ್ತಡ ಸೇರಿ ಮೇಲಿನ ಎರಡರಷ್ಟು ಒತ್ತಡ ಇರುತ್ತದೆ, ರೆಗ್ಯುಲೇಟರ್ ಅದೇ ಒತ್ತಡದಲ್ಲಿ ಗಾಳಿ ಕೊಡುತ್ತದೆ. ಅಲ್ಲಿ ಎದೆ ತುಂಬಾ ಎಳೆದುಕೊಂಡು, ಉಸಿರು ಹಿಡಿದು ಮೇಲೆ ಬಂದರೆ ಆ ಗಾಳಿ ಎರಡರಷ್ಟು ಹಿಗ್ಗಬೇಕು. ಎದೆ ಎರಡರಷ್ಟು ಹಿಗ್ಗಲ್ಲ. ಶ್ವಾಸಕೋಶ ಹರಿಯುತ್ತದೆ. ಇದಕ್ಕೆ ಹತ್ತು ಮೀಟರ್ ಕೂಡ ಬೇಡ, ಎದೆ ತುಂಬಿಕೊಂಡಿದ್ದರೆ ಒಂದೂವರೆ ಮೀಟರಿನಷ್ಟು ಏರಿದರೂ ಅಪಾಯ ಉಂಟು.

ಹಾಗಾಗಿ ನಿಯಮ ಒಂದೇ: ಉಸಿರು ಯಾವತ್ತೂ ಹಿಡಿಯಬಾರದು. ಎಳೆಯಿರಿ, ಬಿಡಿ, ಎಳೆಯಿರಿ, ಬಿಡಿ. ಬಿಡುವುದು ಎಳೆಯುವುದಕ್ಕಿಂತ ಉದ್ದ ಇರಲಿ. ರೆಗ್ಯುಲೇಟರ್ ಬಾಯಿಂದ ಜಾರಿದರೂ ಸಣ್ಣಗೆ ಗುಳ್ಳೆ ಬಿಡುತ್ತಾ ಇರಬೇಕು. ಈಜುಕೊಳದಲ್ಲಿ ಸ್ನಾರ್ಕೆಲ್ ಹಾಕಿ ತೇಲುತ್ತಾ ಇದನ್ನೇ ಅಭ್ಯಾಸ ಮಾಡಿ. ಒಬ್ಬರೇ ಹೋಗಿ ಉಸಿರು ಹಿಡಿಯುವ ಪಂದ್ಯ ಕಟ್ಟಬೇಡಿ, ಜೋರು ಜೋರಾಗಿ ಉಸಿರಾಡಿ ಮುಳುಗುವವರು ನೀರಿನೊಳಗೇ ಎಚ್ಚರ ತಪ್ಪುತ್ತಾರೆ.

ಈ ಮಾತು ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ: ಕಡಲಿಗೇ ಯಾಕೆ ಹೋಗಬೇಕು, ಹಿಡಕಲ್ ಡ್ಯಾಮಿನಲ್ಲಿ ಮುಳುಗಿದ ವಿಠ್ಠಲ ಗುಡಿ ಇದೆ, ಆಲಮಟ್ಟಿ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಓಣಿಗಳಿವೆ, ಅಲ್ಲೇ ಇಳಿಯಬಹುದಲ್ವಾ? ಬೇಡ. ಹೂಳು ಎದ್ದರೆ ನಿಮ್ಮ ಕೈ ನಿಮಗೆ ಕಾಣಲ್ಲ. ಮೀನಿನ ಬಲೆ, ಜಾಲಿ ಕಂಟಿ, ಬಿದ್ದ ಗೋಡೆ ಎಲ್ಲ ಕಾಲಿಗೆ ಸಿಗುತ್ತವೆ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಗುಡಿ ನೋಡಬೇಕು ಅಂದರೆ ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ, ಕಾಲು ನಡಿಗೆಯಲ್ಲೇ ನೋಡಬಹುದು.

## ಹಂತ 5: ಘಾಟ್ ಇಳಿಯುವಾಗ ಪರೀಕ್ಷೆ

ಚೋರ್ಲಾ ಇಳಿಯುವಾಗ ಕಿವಿ ಗುಂಯ್ ಅನ್ನುತ್ತದೆ, ಅಲ್ವಾ? ಆಕಳಿಸಿದರೆ ಟಪ್ ಅಂತ ಬಿಡುತ್ತದೆ. ನೀರಿನೊಳಗೆ ಆಗುವುದೂ ಅದೇ. ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಸಣ್ಣ ಗೂಡಿದೆ. ಅಲ್ಲಿಂದ ಗಂಟಲಿನ ಹಿಂಭಾಗಕ್ಕೆ ಒಂದು ನಳಿಕೆ. ಹೊರಗಿನ ಒತ್ತಡ ಜಾಸ್ತಿ ಆದಾಗ ಆ ನಳಿಕೆ ತೆರೆದು ಒಳಗೆ ಗಾಳಿ ಕಳಿಸಬೇಕು.

ವ್ಯತ್ಯಾಸ ಇಷ್ಟೇ. ಚೋರ್ಲಾ ಮೇಲಿನಿಂದ ಕಡಲಮಟ್ಟಕ್ಕೆ, ಅಂದರೆ ಸುಮಾರು 800 ಮೀಟರ್ ಇಳಿದಾಗ ಕಿವಿಯ ಮೇಲೆ ಎಷ್ಟು ಒತ್ತಡ ಏರುತ್ತದೋ, ಅಷ್ಟು ಏರಲು ನೀರಿನಲ್ಲಿ ಒಂದು ಮೀಟರ್ ಕೂಡ ಬೇಕಿಲ್ಲ. ಗಾಡಿಯಲ್ಲಿ ಮುಕ್ಕಾಲು ಗಂಟೆಯಲ್ಲಿ ಆಗುವ ಕೆಲಸ ನೀರಿನಲ್ಲಿ ಐದು ಸೆಕೆಂಡಿನಲ್ಲಿ ಆಗಿಹೋಗುತ್ತದೆ.

ಅದಕ್ಕೇ ಘಾಟ್ ಒಂದು ಪುಕ್ಕಟೆ ಪರೀಕ್ಷೆ. ಡ್ರೈವ್ ಮಾಡುವವರು ಬಿಟ್ಟು ಉಳಿದವರೆಲ್ಲ, ಕಿವಿ ಕಟ್ಟುವ ಮುಂಚೆಯೇ, ಪ್ರತಿ ಎರಡು ತಿರುವಿಗೊಮ್ಮೆ ಮೂಗು ಹಿಡಿದು ನುಂಗಿ. ಆಮೇಲೆ ಮೂಗು ಹಿಡಿದು, ಬಾಯಿ ಮುಚ್ಚಿ, ಮೆತ್ತಗೆ ಊದಿ. ಎರಡೂ ಕಿವಿ ಟಪ್ ಅನ್ನಬೇಕು. ಒಂದು ಅಂದು ಇನ್ನೊಂದು ಅನ್ನದಿದ್ದರೆ ಯಾವುದು ಅಂತ ನೆನಪಿಡಿ. ಘಾಟ್ ಕೆಳಗೆ ತಲುಪಿ ಅರ್ಧ ಗಂಟೆ ಆದರೂ ಒಂದು ಕಿವಿ ಮುಚ್ಚಿಕೊಂಡೇ ಇದ್ದರೆ ನಾಳೆ ನೀರಿಗೆ ಇಳಿಯಬೇಡಿ. ಬೀಚ್ ಮೇಲೆ ಕೂತು ಮೀನೂಟ ಮಾಡಿ.

ರಾತ್ರಿ ನಿದ್ದೆ ಮಾಡಿ. ಗೋವಾಕ್ಕೆ ಬಂದ ಮೇಲೆ ಎರಡು ಬೀರ್ ಅನ್ನುವವರು ಡೈವ್ ಆದ ಮರುದಿನ ಕುಡಿಯಲಿ, ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಹಂತ 8ರ ತೊಂದರೆ ಇನ್ನೂ ಹತ್ತಿರ ಬರುತ್ತದೆ. ಬೆಳಿಗ್ಗೆ ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು, ಅದೂ ಎರಡು ತಾಸು ಮುಂಚೆ. ಖಾರದ ಮಿಸಳ್ ತಿಂದು ದೋಣಿ ಹತ್ತಿದವನ ಪಾಡು ನಾನು ಕಣ್ಣಾರೆ ನೋಡಿದ್ದೇನೆ. ವಾಂತಿ ಮಾತ್ರೆ ತೆಗೆದುಕೊಳ್ಳುವುದಾದರೆ ಡಾಕ್ಟರ್ ಕೇಳಿ, ಕೆಲವು ಮಾತ್ರೆಗಳಿಂದ ತೂಕಡಿಕೆ ಬರುತ್ತದೆ. ಗುಟ್ಕಾ ತಿಂದು ತಿಂದು ಬಾಯಿ ಪೂರ್ತಿ ತೆರೆಯಲಾಗದವರು ರೆಗ್ಯುಲೇಟರ್ ಕಚ್ಚಿ ಹಿಡಿಯಲು ಪರದಾಡುತ್ತಾರೆ, ಅದನ್ನೂ ಮೊದಲೇ ನೋಡಿಕೊಳ್ಳಿ.

## ಹಂತ 6: ದೋಣಿಯ ಮೇಲೆ, ಇಳಿಯುವ ಮುಂಚೆ

ಟ್ಯಾಂಕಿನಲ್ಲಿ ಎಷ್ಟು ಗಾಳಿ ಇದೆ ಅಂತ ತೋರಿಸುವ ಗೇಜ್ ನೋಡಿ. ತುಂಬಿದ ಟ್ಯಾಂಕ್ ಸುಮಾರು 200 ಬಾರ್ (ಒತ್ತಡದ ಅಳತೆ) ತೋರಿಸಬೇಕು. ಮುಳ್ಳನ್ನು ನೋಡುತ್ತಲೇ ರೆಗ್ಯುಲೇಟರ್‌ನಿಂದ ನಾಲ್ಕು ಉಸಿರು ಎಳೆಯಿರಿ. ಉಸಿರಿನ ಜೊತೆ ಮುಳ್ಳು ಕೆಳಗೆ ಮೇಲೆ ಕುಣಿದರೆ ಟ್ಯಾಂಕಿನ ವಾಲ್ವ್ ಪೂರ್ತಿ ತೆರೆದಿಲ್ಲ. ಗಾಳಿಗೆ ಎಣ್ಣೆಯದೋ ಹೊಗೆಯದೋ ವಾಸನೆ ಬಂದರೆ ಆ ಟ್ಯಾಂಕ್ ಬೇಡ ಅನ್ನಿ. ಸಂಕೋಚ ಬೇಡ. ಇನ್‌ಸ್ಟ್ರಕ್ಟರ್ ಹತ್ತಿರ ಉಸಿರಾಡಲು ಹೆಚ್ಚುವರಿಯಾಗಿ ಎರಡನೇ ಬಾಯಿತುದಿ ಇದೆಯಾ ಅಂತಲೂ ನೋಡಿ, ನಿಮ್ಮ ಗಾಳಿ ಕೈಕೊಟ್ಟರೆ ಅದೇ ಗತಿ.

ಮಾಸ್ಕಿನ ಗಾಜಿಗೆ ಒಳಗಡೆ ಉಗುಳಿ ತಿಕ್ಕಿ ತೊಳೆಯಿರಿ. ಅಸಹ್ಯ ಅನ್ನಿಸಿದರೆ ಮಕ್ಕಳ ಶಾಂಪೂ ಒಂದು ಹನಿ. ಮಂಜು ಕಟ್ಟಲ್ಲ.

ಕೈಸನ್ನೆ ನಾಲ್ಕೇ ಸಾಕು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ಸರಿ ಇದೆ. ಅಂಗೈ ಅಡ್ಡ ಹಿಡಿದು ಅತ್ತಿತ್ತ ಆಡಿಸಿದರೆ ಏನೋ ಸರಿ ಇಲ್ಲ. ಅದನ್ನೇ ಮಾಡಿ ಕಿವಿ ತೋರಿಸಿದರೆ ಕಿವಿ ಬಿಡುತ್ತಿಲ್ಲ. ಹೆಬ್ಬೆರಳು ಮೇಲೆ ಎತ್ತಿದರೆ ಮೇಲೆ ಹೋಗೋಣ. ನಾಲ್ಕನೆಯದರಲ್ಲಿ ಎಲ್ಲರೂ ಎಡವುತ್ತಾರೆ. ನನ್ನ ಮಾವನ ಮಗ ಕ್ಯಾಮೆರಾ ನೋಡಿ ‘ಸೂಪರ್’ ಅಂತ ಹೆಬ್ಬೆರಳು ಎತ್ತಿದ, ಇನ್‌ಸ್ಟ್ರಕ್ಟರ್ ಅವನ ತೋಳು ಹಿಡಿದು ಮೇಲೆ ತಂದುಬಿಟ್ಟ. ಅವನ ಸ್ಕೂಬಾ ಒಟ್ಟು ನಾಲ್ಕು ನಿಮಿಷ. ದೀಪಾವಳಿಗೆ ಮನೆಗೆ ಬಂದಾಗ ಇವತ್ತಿಗೂ ಎಲ್ಲರೂ ಅವನಿಗೆ ಹೆಬ್ಬೆರಳು ತೋರಿಸುತ್ತಾರೆ.

## ಹಂತ 7: ಇಳಿಯುವುದು, ನೋಡುವುದು, ಏರುವುದು

ಎಲ್ಲ ಸೋಲು ಇರುವುದು ಮೊದಲ ಮೂರು ಮೀಟರಿನಲ್ಲಿ. ಅದಕ್ಕೆ ಲೆಕ್ಕ ಇದೆ. ನೀರಿನ ಮೇಲಿನಿಂದ 10 ಮೀಟರಿಗೆ ಹೋಗುವಷ್ಟರಲ್ಲಿ ಒತ್ತಡ ಎರಡರಷ್ಟಾಗುತ್ತದೆ. ಆದರೆ 10ರಿಂದ 20ಕ್ಕೆ ಹೋಗುವಾಗ ಒಂದೂವರೆ ಪಟ್ಟು ಮಾತ್ರ. ಅಂದರೆ ಮೇಲಿನ ನೀರೇ ಕಿವಿಗೆ ಕಷ್ಟ. ಮೊದಲ ಮೂರು ಮೀಟರ್ ದಾಟಿದವರಿಗೆ ಮುಂದಿನದು ಸಲೀಸು.

ಮೊದಲು, ತಲೆ ಮೇಲೆ ಕಾಲು ಕೆಳಗೆ. ತಲೆಕೆಳಗಾಗಿ ಇಳಿದರೆ ನಳಿಕೆ ತೆರೆಯುವುದು ಕಷ್ಟ. ದೋಣಿಯಿಂದ ಇಳಿಬಿಟ್ಟ ಹಗ್ಗ ಇದ್ದರೆ ಒಂದು ಕೈಯಲ್ಲಿ ಹಿಡಿಯಿರಿ, ಇನ್ನೊಂದು ಕೈ ಮೂಗಿನ ಮೇಲೇ ಇರಲಿ.

ಎರಡು, ಮುಳುಗುವ ಮುಂಚೆ ಒಂದು ಸಲ ಕಿವಿ ಬಿಡಿಸಿ. ನೀರಿನ ಮೇಲೆ ಇರುವಾಗಲೇ. ಮಾಸ್ಕಿನ ಮೂಗು ಹಿಡಿದು ಮೆತ್ತಗೆ ಊದಿ. ನಳಿಕೆ ಒಮ್ಮೆ ತೆರೆದರೆ ಮತ್ತೆ ತೆರೆಯುವುದು ಸುಲಭ.

ಮೂರು, ಅರ್ಧರ್ಧ ಮೀಟರಿಗೆ ಒಂದು ಸಲ. ನೋವು ಬಂದ ಮೇಲೆ ಮಾಡುತ್ತೇನೆ ಅನ್ನುವುದೇ ಅತಿ ದೊಡ್ಡ ತಪ್ಪು. ಒಳಗೆ ಹೊರಗೆ ಒತ್ತಡದ ವ್ಯತ್ಯಾಸ ಜಾಸ್ತಿ ಆದರೆ ನಳಿಕೆಯ ಬಾಯಿ ಅಮುಕಿ ಮುಚ್ಚಿಕೊಳ್ಳುತ್ತದೆ, ಒಂದು ಸಲವೂ ಬಿಡಿಸದೆ ಸುಮಾರು 1.2 ಮೀಟರ್ ಇಳಿದರೆ ಸಾಕು, ಆಮೇಲೆ ಎಷ್ಟು ಊದಿದರೂ ತೆರೆಯದೇ ಇರಬಹುದು. ನನ್ನ ಮೊದಲ ಸಲ ಆದದ್ದು ಪೂರ್ತಿ ಇದೇ. ಎರಡು ಮೀಟರಿನಲ್ಲಿ ನಿಂತು ಬಲ ಹಾಕಿ ಊದುತ್ತಿದ್ದೆ. ಕಣ್ಣಲ್ಲಿ ನೀರು ಬಂತು, ಕಿವಿ ಬಿಡಲಿಲ್ಲ.

ನಾಲ್ಕು, ಬಿಡದಿದ್ದರೆ ಮೇಲೆ. ಜೋರಾಗಿ ಊದಬೇಡಿ. ಸನ್ನೆ ಮಾಡಿ, ಅರ್ಧ ಅಥವಾ ಒಂದು ಮೀಟರ್ ಮೇಲೆ ಬನ್ನಿ, ನೋವು ಪೂರ್ತಿ ಹೋಗಲಿ. ಬಿಡದ ಕಿವಿ ಮೇಲೆ ಬರುವ ಹಾಗೆ ತಲೆ ವಾಲಿಸಿ. ಕೆಳದವಡೆ ಮುಂದೆ ತಂದು ಆಡಿಸಿ, ಮೂಗು ಹಿಡಿದು ನುಂಗಿ, ಆಮೇಲೆ ಮೆತ್ತಗೆ ಊದಿ. ಬಿಟ್ಟರೆ ಮೊದಲಿಗಿಂತ ನಿಧಾನ ಇಳಿಯಿರಿ. ಮೂರು ಸಲ ನೋಡಿ ಆಗದಿದ್ದರೆ ಅವತ್ತಿಗೆ ಮುಗಿಸಿ. ಬಲವಾಗಿ ಊದಿದರೆ ಒಳಕಿವಿಗೇ ಪೆಟ್ಟಾಗಿ ಕಿವುಡು ಬರಬಹುದು, ಆ ನಷ್ಟದ ಮುಂದೆ ಡೈವಿನ ದುಡ್ಡು ಏನೂ ಅಲ್ಲ.

ಐದು, ಮಾಸ್ಕಿಗೂ ಗಾಳಿ ಕೊಡಿ. ಆಳಕ್ಕೆ ಹೋದಂತೆ ಮಾಸ್ಕ್ ಮುಖವನ್ನು ಹೀರುತ್ತದೆ. ಆಗಾಗ ಮೂಗಿನಿಂದ ಒಂಚೂರು ಉಸಿರು ಬಿಡಿ. ಮರೆತವರ ಕಣ್ಣು ಮರುದಿನ ಮೆಣಸಿನಕಾಯಿ ಬಿದ್ದ ಹಾಗೆ ಕೆಂಪಗಿರುತ್ತದೆ.

ಕಿವಿಗೆ ಪ್ಲಗ್ ಹಾಕಿಕೊಂಡು ಇಳಿಯುವವರೂ ಇದ್ದಾರೆ. ನೀರಿನ ಒತ್ತಡ ಪ್ಲಗ್ಗನ್ನೇ ಒಳಗೆ ನೂಕುತ್ತದೆ. ಯಾವತ್ತೂ ಬೇಡ.

ಎಚ್ಚರಿಕೆಯ ಗುರುತು ಇವು. ಚುಚ್ಚುವ ನೋವು ಇದ್ದಕ್ಕಿದ್ದ ಹಾಗೆ ನಿಂತು, ಕಿವಿಯೊಳಗೆ ತಣ್ಣಗಾಗಿ, ತಲೆ ಗರಗರ ತಿರುಗಿದರೆ ತಮಟೆ ಹರಿದಿರಬಹುದು. ಹಗ್ಗವನ್ನೋ ಇನ್‌ಸ್ಟ್ರಕ್ಟರನ್ನೋ ಗಟ್ಟಿಯಾಗಿ ಹಿಡಿದುಕೊಳ್ಳಿ, ತಿರುಗುವುದು ಕಡಿಮೆಯಾಗಲಿ, ಆಮೇಲೆ ಅವರ ಜೊತೆಗೇ ಮೇಲೆ ಬನ್ನಿ. ಆ ಟ್ರಿಪ್‌ನಲ್ಲಿ ಮತ್ತೆ ನೀರಿಲ್ಲ.

ತಳ ತಲುಪಿದಿರಾ? ಈಗ ಏನೂ ಮಾಡಬೇಡಿ. ಹತ್ತು ಉಸಿರು ಎಣಿಸಿ. ನೀರಿನೊಳಗೆ ವಸ್ತುಗಳು ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರದಲ್ಲಿ ಕಾಣುತ್ತವೆ. ಹಗ್ಗ ಹಿಡಿಯಲು ಕೈ ಚಾಚಿದರೆ ಕೈಗೆ ನೀರು ಸಿಗುತ್ತದೆ. ನನಗೆ ಮೊದಲು ಕಂಡದ್ದು ಒಂದು ಪುಟ್ಟ ಮೀನು, ಕಪ್ಪು ಹಳದಿ ಪಟ್ಟೆಯದು, ನನ್ನ ಮಾಸ್ಕಿನ ಗಾಜನ್ನೇ ಎರಡು ಸಲ ಕುಟುಕಿ ನೋಡಿ ಹೋಯಿತು. ನಾನು ನಗಲು ಹೋಗಿ ಮಾಸ್ಕಿನಲ್ಲಿ ನೀರು ತುಂಬಿಕೊಂಡೆ. ಹೌದು, ನಕ್ಕರೆ ಕೆನ್ನೆ ಮಡಿಚಿ ನೀರು ಬರುತ್ತದೆ. ಬೋಗುಣಿ ನೆನಪಾಯಿತು. ಮಾಸ್ಕ್ ಖಾಲಿ ಮಾಡಿದೆ.

ಗ್ರಾಂಡೆ ದ್ವೀಪದ ಹತ್ತಿರ ಸುಜೀಸ್ ರೆಕ್ ಅನ್ನುವ ಮುಳುಗಿದ ಹಡಗಿನ ಜಾಗ ಇದೆ. ಸಿನಿಮಾದ ಹಾಗೆ ನಿಂತ ಹಡಗು, ತಿಜೋರಿ ಅಂತೆಲ್ಲ ನಿರೀಕ್ಷೆ ಬೇಡ. ಹಳೆ ಹಡಗು ಅಂದರೆ ಕಡಲ ತಳದಲ್ಲಿ ಚದುರಿದ ಕಬ್ಬಿಣ, ಅದರ ಮೇಲೆ ಬೆಳೆದ ಜೀವ, ಸಂದಿಯಲ್ಲಿ ಮೀನು. ಕೆಂಪು ಬಣ್ಣ ಮೊದಲ ಕೆಲವು ಮೀಟರಿನಲ್ಲೇ ಮಾಸಿಹೋಗುವುದರಿಂದ ತುಕ್ಕು ಕೂಡ ಬೂದಿ ಹಸಿರು. ಇನ್‌ಸ್ಟ್ರಕ್ಟರ್ ಟಾರ್ಚ್ ಬಿಟ್ಟಾಗ ನೋಡಬೇಕು, ಆ ಒಂದು ವೃತ್ತದೊಳಗೆ ಮಾತ್ರ ಕಿತ್ತಳೆ, ಕೆಂಪು ಎದ್ದು ಬರುತ್ತದೆ.

ಅವಶೇಷದ ಮೇಲಿಂದ ನೋಡಿ, ಒಳಗೆ ನುಗ್ಗಬೇಡಿ. ಅದಕ್ಕೆ ಬೇರೆಯೇ ತರಬೇತಿ ಬೇಕು. ಹರಿದ ತಗಡು ಚಾಕುವಿನ ಹಾಗೆ ಇರುತ್ತದೆ, ಬಿಟ್ಟುಹೋದ ಬಲೆ ಸಿಕ್ಕಿಕೊಂಡಿರುತ್ತದೆ, ಕಲ್ಲಿನ ಹಾಗೇ ಕೂತ ಚೇಳುಮೀನಿನ ಮುಳ್ಳಿಗೆ ವಿಷ. ಆದ್ದರಿಂದ ಕೈ ಎದೆಗೆ ಕಟ್ಟಿಕೊಳ್ಳಿ. ಕಾಲು ಜೋರಾಗಿ ಬಡಿದರೆ ಮಣ್ಣು ಎದ್ದು ನಿಮ್ಮ ಹಿಂದಿನವರಿಗೆ ಏನೂ ಕಾಣಲ್ಲ. ಬರುವಾಗ ಶಂಖ, ಹವಳದ ತುಂಡು ಜೇಬಿಗೆ ಹಾಕಬೇಡಿ, ಅದು ಕಾನೂನಿಗೂ ವಿರುದ್ಧ.

ಗೇಜ್ ಮೇಲೆ ಆಗಾಗ ಕಣ್ಣಿರಲಿ. 50 ಬಾರ್ ಉಳಿದಿರುವಾಗಲೇ ದೋಣಿಗೆ ವಾಪಸ್ ಬಂದಿರಬೇಕು. ಏರುವಾಗ ನಿಮಿಷಕ್ಕೆ 9 ಮೀಟರಿಗಿಂತ ಜೋರು ಬೇಡ. ಲೆಕ್ಕ ಗೊತ್ತಾಗದಿದ್ದರೆ ನಿಮ್ಮದೇ ಸಣ್ಣ ಗುಳ್ಳೆಗಳನ್ನು ನೋಡಿ, ಅವು ನಿಮ್ಮನ್ನು ಹಿಂದೆ ಹಾಕಿ ಹೋಗಬೇಕು. 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿಸಿದರೆ ತಗಾದೆ ಮಾಡಬೇಡಿ. ಏರುವಾಗ ಮೂಗು ಹಿಡಿದು ಊದಬಾರದು. ಕಿವಿ ತಾನೇ ಬಿಡುತ್ತದೆ, ಬಿಡದಿದ್ದರೆ ಸ್ವಲ್ಪ ಕೆಳಗಿಳಿದು ನುಂಗಿ. ಮತ್ತೆ ಹೇಳುತ್ತೇನೆ, ಉಸಿರು ಹಿಡಿಯಬೇಡಿ.

ದಡಕ್ಕೆ ಬಂದ ಮೇಲೆ ಕಿವಿಯಲ್ಲಿ ನೀರು ನಿಂತ ಹಾಗೆ ಅನ್ನಿಸಿ, ತಲೆ ಎಷ್ಟು ಕುಣಿಸಿದರೂ ಹೋಗದಿದ್ದರೆ, ಅದು ಹೊರಗಿನ ನೀರಲ್ಲ. ಒತ್ತಡಕ್ಕೆ ಒಳಗೇ ಜಿನುಗಿದ್ದಿರಬಹುದು. ಇಲ್ಲಿ ಮನೆಯ ಹಿರಿಯರು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಟ್ಟಲು ಹಿಡಿದು ಬರುತ್ತಾರೆ. ಕೈಮುಗಿದು ಬೇಡ ಅನ್ನಿ. ತಮಟೆ ಹರಿದಿದ್ದರೆ ಎಣ್ಣೆ ಒಳಗೆ ಹೋಗಿ ಕೀವಾಗುತ್ತದೆ. ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ.

## ಹಂತ 8: ಸಂಜೆ ಘಾಟ್ ಹತ್ತಬೇಡಿ

ವಿಮಾನ ಹತ್ತಬಾರದು ಅಂತ ಡೈವ್ ಮಾಡಿಸುವವರು ಹೇಳುತ್ತಾರೆ. ಘಾಟ್ ಬಗ್ಗೆ ನನಗೆ ಯಾರೂ ಹೇಳಲಿಲ್ಲ.

ಆಳದಲ್ಲಿ ಉಸಿರಾಡುವಾಗ ಗಾಳಿಯ ನೈಟ್ರೋಜನ್ ಜಾಸ್ತಿ ಪ್ರಮಾಣದಲ್ಲಿ ರಕ್ತಕ್ಕೆ, ಮಾಂಸಕ್ಕೆ ಇಳಿಯುತ್ತದೆ. ಮೇಲೆ ಬಂದ ಮೇಲೆ ನಿಧಾನಕ್ಕೆ ಉಸಿರಿನ ಮೂಲಕ ಹೊರಗೆ ಹೋಗಬೇಕು. ಅದು ಹೋಗುವ ಮುಂಚೆ ನೀವು ಎತ್ತರಕ್ಕೆ ಹೋದರೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ, ಗೋಲಿ ಸೋಡಾದ ಗೋಲಿ ಒತ್ತಿದಾಗ ಗುಳ್ಳೆ ಏಳುವ ಹಾಗೆ ಮೈಯೊಳಗೂ ಗುಳ್ಳೆ ಏಳಬಹುದು.

ಡೈವಿಂಗ್ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಲೆಕ್ಕ ಹೀಗಿದೆ: ಒಂದೇ ಡೈವ್ ಮಾಡಿದ್ದರೆ 12 ತಾಸು, ಒಂದಕ್ಕಿಂತ ಹೆಚ್ಚು ಅಥವಾ ಎರಡು ಮೂರು ದಿನ ಮಾಡಿದ್ದರೆ 18 ತಾಸು ಕಾಯಬೇಕು. ಇದನ್ನು ಹೇಳಿರುವುದು 2,000 ಅಡಿಯಿಂದ ಮೇಲಿನ ಎತ್ತರಕ್ಕೆ, ಅಂದರೆ ಸುಮಾರು 610 ಮೀಟರ್. ಬೆಳಗಾವಿ ಇರುವುದೇ ಸುಮಾರು 750 ಮೀಟರಿನಲ್ಲಿ. ಚೋರ್ಲಾ, ಅಂಬೋಲಿ ಎರಡೂ ಆ ಗೆರೆಯ ಮೇಲೆಯೇ. ಬಾಗಲಕೋಟೆ, ವಿಜಯಪುರ ಗೆರೆಗಿಂತ ಸ್ವಲ್ಪ ಕೆಳಗಿವೆ, ಆದರೆ ಮನೆ ತಲುಪಲು ಘಾಟ್ ಹತ್ತಿ, ಹುಬ್ಬಳ್ಳಿ ಅಥವಾ ಬೆಳಗಾವಿಯ ಎತ್ತರ ದಾಟಿಯೇ ಬರಬೇಕು. ಐದಾರು ಮೀಟರಿನಲ್ಲಿ ಹದಿನೈದು ನಿಮಿಷ ಇದ್ದು ಬಂದವರಿಗೆ ಅಪಾಯ ಕಡಿಮೆ, ನಿಜ. ಆದರೂ ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಸಲು ನಾನಂತೂ ಆ ಪಂದ್ಯ ಕಟ್ಟಲ್ಲ.

ರಾತ್ರಿ ಅಲ್ಲೇ ಉಳಿಯಿರಿ. ನೀರು ಜಾಸ್ತಿ ಕುಡಿಯಿರಿ. ಮರುದಿನ ಊಟ ಮುಗಿಸಿ ಹೊರಡಿ.

ಚೀಟಿಯ ಮಾತಿಗೆ ಬರುತ್ತೇನೆ. ದೋಣಿಯಿಂದ ಇಳಿದ ತಕ್ಷಣ ಅದರ ಮೇಲೆ ಬರೆಯಿರಿ: ಎಷ್ಟು ಆಳ, ಎಷ್ಟು ನಿಮಿಷ, ಎಷ್ಟು ಗಂಟೆಗೆ ಮೇಲೆ ಬಂದಿರಿ, ಡೈವ್ ಮಾಡಿಸಿದವರ ಫೋನ್ ನಂಬರ್. ಆ ದಿನ ಅಥವಾ ಮರುದಿನ ಮೊಣಕಾಲು, ಭುಜ, ಮೊಣಕೈಯಲ್ಲಿ ಕಾರಣ ಇಲ್ಲದೆ ನೋವು, ಕೈಕಾಲಲ್ಲಿ ಜುಮ್ಮೆನ್ನುವುದು ಅಥವಾ ಮರಗಟ್ಟುವುದು, ಮೈಮೇಲೆ ದದ್ದು, ತಲೆಸುತ್ತು, ವಿಪರೀತ ಸುಸ್ತು ಬಂದರೆ ಪ್ರಯಾಣದ ಆಯಾಸ ಅಂತ ಮಲಗಿಬಿಡಬೇಡಿ. ಘಾಟ್ ಕೆಳಗಿದ್ದರೆ ಅಲ್ಲೇ ಆಸ್ಪತ್ರೆಗೆ ಹೋಗಿ, ಅಂಗಾತ ಮಲಗಿಸಿ ಆಕ್ಸಿಜನ್ ಹಾಕಲು ಹೇಳಿ. ಮೊದಲ ಮಾತಿಗೇ ‘ನಾನು ಸ್ಕೂಬಾ ಮಾಡಿ ಬಂದಿದ್ದೇನೆ’ ಅನ್ನಿ. ಕಡಲಿಂದ ದೂರದ ನಮ್ಮ ಊರುಗಳಲ್ಲಿ ಡಾಕ್ಟರಿಗೆ ಅದು ತಾನಾಗಿ ಹೊಳೆಯಲ್ಲ, ಹೊಳೆಯಬೇಕು ಅಂತ ಬಯಸುವುದೂ ತಪ್ಪು. ಆಮೇಲೆ ಜೇಬಿನಿಂದ ಚೀಟಿ ತೆಗೆದು ಅವರ ಕೈಗೆ ಕೊಡಿ.